ತಾಳಿಕೋಟೆಯ ಬಾಣಂತಿಯರೂ ತಾಲೂಕಿನ ದವಾಖಾನೆಯೂ

ತಾಳಿಕೋಟೆಯ ಹೆಸರನ್ನು ಕೇಳಿದ ಕೂಡಲೇ ಕನ್ನಡಿಗರ ಮನಸ್ಸು 1565ನೆಯ ಇಸವಿಯ ಕಾಳಗದ ಕಡೆಗೆ ಓಡುವದು ಸಹಜವೇ. ಆದರೆ ಡೋಣಿಯ ದಂಡೆಯ ಈ ಪೇಟೆಯೂರಿನ ಸುತ್ತಿನ ಹಳ್ಳಿಗಳಲ್ಲಿ ದಿನವೂ ನಡೆಯುವ ಕಾಳಗ ಮತ್ತೊಂದುಂಟು. ಅದು ಹೆರಿಗೆಯ ಕೋಣೆಯಲ್ಲಿ ನಡೆಯುವದು. ಅದರಲ್ಲಿ ಮಡಿದವರಿಗೆ ವೀರಗಲ್ಲುಗಳಿಲ್ಲ.

ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದ ತಾಳಿಕೋಟೆಯನ್ನು 2017ರಲ್ಲಿ ಸರಕಾರವು ಹೊಸ ತಾಲೂಕೆಂದು ಘೋಷಿಸಿತು. ಜನರು ಹರ್ಷಪಟ್ಟರು, ನಾವೂ ಹರ್ಷಪಟ್ಟೆವು. ಆದರೆ ತಾಲೂಕೆಂದರೆ ತಹಶೀಲದಾರರ ಕಚೇರಿಯ ಫಲಕವೊಂದೇ ಏನು? ನಟ್ಟಿರುಳಿನಲ್ಲಿ ನೋವೆದ್ದ ಬಸುರಿಯು ಆ ಊರಿನಲ್ಲಿಯೇ ಪಾರಾಗುವಂತಾದರೆ ಮಾತ್ರ ತಾಲೂಕೆಂಬ ಹೆಸರು ಸಾರ್ಥಕವೆಂದು ನಾವು ಎಣಿಸುತ್ತೇವೆ.

ನಮ್ಮ ನಾಡು ಈ ವಿಷಯದಲ್ಲಿ ಮುಂದುವರಿದೇ ಇಲ್ಲವೆಂದು ನಾವು ಹೇಳುವದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ದವಾಖಾನೆಗಳಲ್ಲಿಯೇ ಆಗಿವೆ. ಹೀಗಿದ್ದೂ ಅವೇ ವರುಷಗಳಲ್ಲಿ ಲಕ್ಷ ಜೀವಂತ ಜನನಗಳಿಗೆ ಇಲ್ಲಿ 63 ಜನ ತಾಯಂದಿರು ಮರಣ ಹೊಂದಿದರು; ನೆರೆಯ ಕೇರಳದಲ್ಲಿ 20 ಜನ ಮಾತ್ರ. ದವಾಖಾನೆಯ ಹೊಸ್ತಿಲನ್ನು ತುಳಿದರೆ ಸಾಲದು, ಒಳಗೆ ಏನಿದೆಯೆಂಬದೇ ಮುಖ್ಯವೆಂದು ಈ ಅಂಕಿಗಳು ಸಾರುತ್ತವೆ.

ಒಳಗೆ ಇರತಕ್ಕವು ನಾಲ್ಕು: ಹೆರಿಗೆಯ ತಜ್ಞರು, ಅರಿವಳಿಕೆಯ ವೈದ್ಯರು, ಮಕ್ಕಳ ವೈದ್ಯರು, ಸಂಗ್ರಹಿಸಿಟ್ಟ ರಕ್ತ. ಈ ನಾಲ್ಕೂ ಹಗಲಿರುಳು ಏಕಕಾಲಕ್ಕೆ ದೊರೆಯಬೇಕು. ಒಂದು ಇಲ್ಲವಾದರೂ ಉಳಿದ ಮೂರರ ಬಲ ಕುಂದುವದು. ಆಗ ದವಾಖಾನೆಯು ‘ಮುಂದಿನ ಊರಿಗೆ ಒಯ್ಯಿರಿ’ ಎಂದು ಚೀಟಿ ಬರೆದುಕೊಡುವ ಕಟ್ಟೆಯಾಗಿಬಿಡುವದು.

‘108 ವಾಹನವಿದೆಯಲ್ಲ, ವಿಜಯಪುರವಿದೆಯಲ್ಲ’ ಎಂದು ಕೆಲವರು ಕೇಳಬಹುದು. 2008ರಲ್ಲಿ ಆರಂಭವಾದ ಆ ವಾಹನಸೇವೆಯ ಉಪಕಾರವನ್ನು ನಾವು ಮರೆಯುವದಿಲ್ಲ. ಆದರೆ ವಿಜಯಪುರವು ಸುಮಾರು 80 ಕಿಲೋಮೀಟರು ದೂರ. ಹೆತ್ತ ಮೇಲೆ ರಕ್ತಸ್ರಾವ ನಿಲ್ಲದ ತಾಯಿಯು ಎರಡೇ ತಾಸಿನಲ್ಲಿ ತೀರಿಕೊಳ್ಳಬಹುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಮೇಲಾಗಿ ಮಳೆಗಾಲದಲ್ಲಿ ಡೋಣಿಯು ತುಂಬಿ, ಹಡಗಿನಾಳದ ಹಾದಿಯ ಸೇತುವೆ ಮುಳುಗಿ, ಸಂಚಾರವೇ ನಿಂತುಹೋದ ಪ್ರಸಂಗಗಳು ಒಂದೆರಡಲ್ಲ. ಯಾವ ಹೊಳೆ ಹರಿದರೆ ರೈತನ ಕಣಜ ತುಂಬುವದೋ ಅದೇ ಹೊಳೆ ಬಸುರಿಯ ದಾರಿಯನ್ನು ಕಟ್ಟುವದು.

ಸಣ್ಣ ಊರುಗಳಿಗೆ ತಜ್ಞರು ಬರಲು ಒಪ್ಪುವದಿಲ್ಲವೆಂಬ ಆಕ್ಷೇಪವೂ ಉಂಟು. ಇದರಲ್ಲಿ ಸತ್ಯಾಂಶವಿದೆ. ಆದರೆ ಸಾಮಾನ್ಯ ವೈದ್ಯರಿಗೆ ಹದಿನೆಂಟು ವಾರಗಳ ತರಬೇತಿ ಕೊಟ್ಟು, ಹೆರಿಗೆಯ ಶಸ್ತ್ರಕ್ರಿಯೆಗೆ ಬೇಕಾಗುವ ಅರಿವಳಿಕೆಯನ್ನು ಕಲಿಸುವ ಏರ್ಪಾಡು ನಮ್ಮ ದೇಶದಲ್ಲಿಯೇ ಇದೆ. ಮುದ್ದೇಬಿಹಾಳವು ಇಲ್ಲಿಂದ ಸುಮಾರು 30 ಕಿಲೋಮೀಟರು. ಎರಡೂ ಊರುಗಳ ವೈದ್ಯರಿಗೆ ಸರದಿ ಗೊತ್ತುಪಡಿಸಿದರೆ ಯಾವ ರಾತ್ರಿಯೂ ಬರಿದಾಗಲಾರದು. ಬರುವ ವೈದ್ಯರಿಗೆ ವಾಸಯೋಗ್ಯ ಮನೆಯನ್ನು ಒದಗಿಸುವದು ಅಸಾಧ್ಯವಾದ ಕಾರ್ಯವೇನೂ ಅಲ್ಲ.

ದವಾಖಾನೆಯ ಹೊರಗಣ ಆರೈಕೆಯೂ ಅಷ್ಟೇ ಮಹತ್ವದ್ದು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನರೆಂದು ಕಂಡುಬಂದಿತು. 2017ರಿಂದ ಅಂಗನವಾಡಿಗಳಲ್ಲಿ ಬಡಿಸಲಾರಂಭಿಸಿದ ಮಾತೃಪೂರ್ಣದ ಬಿಸಿಯೂಟವು ಇದಕ್ಕೆ ಒಂದು ಮದ್ದು. ಆದರೆ ಗುಳೆ ಹೋದ ಕುಟುಂಬದ ಹೆಣ್ಣುಮಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಯಾವ ಊರಿನ ಪಟ್ಟಿಯಲ್ಲಿರಬೇಕು? ಅವಳನ್ನು ಹುಡುಕಿ ತಾಯಿ ಕಾರ್ಡು ನೋಡುವವಳು ಆಶಾ ಕಾರ್ಯಕರ್ತೆಯೇ. ನಿಶ್ಚಿತ ಗೌರವಧನಕ್ಕಾಗಿ ಇವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬಯಲಿನಲ್ಲಿ ಕೂಡ್ರಬೇಕಾಯಿತೆಂಬದು ನಾಡಿಗೆ ಭೂಷಣವಲ್ಲ.

ಇನ್ನೊಂದು ಮಾತು. ಮುಂಬಯಿ ಪ್ರಾಂತದ ಈ ಸೀಮೆಯೂ ನಿಜಾಮರಾಜ್ಯದ ಸುರಪುರದ ಸೀಮೆಯೂ 1956ರ ನವೆಂಬರ 1ರಂದು ಒಂದೇ ನಾಡಾದವು. ಇಂದು ಸುರಪುರಕ್ಕೆ ಸಂವಿಧಾನದ 371ಜೆ ಕಲಮಿನ ವಿಶೇಷ ನೆರವುಂಟು; ಅದರ ನೆರೆಯ ತಾಳಿಕೋಟೆಗೆ ಇಲ್ಲ. ನೆರೆಯವರ ಭಾಗ್ಯಕ್ಕೆ ನಾವು ಕರುಬುವದಿಲ್ಲ. ಆದರೆ 2002ರ ನಂಜುಂಡಪ್ಪ ಸಮಿತಿಯು ಹಿಂದುಳಿದವೆಂದು ಎಣಿಸಿದ 114 ತಾಲೂಕುಗಳಲ್ಲಿ ಮುದ್ದೇಬಿಹಾಳವೂ ಒಂದೆಂಬದನ್ನು ಸರಕಾರವು ಮರೆಯಕೂಡದು. ಹೆರಿಗೆಯ ನೋವಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ.

ಊರಿನ ಮಹಾಜನರೂ ಶಾಲಾ ಶಿಕ್ಷಕರೂ ಕೈಕಟ್ಟಿ ಕೂಡ್ರಬಾರದು. ಸರಕಾರಿ ದವಾಖಾನೆಗೊಂದು ಆರೋಗ್ಯ ರಕ್ಷಾ ಸಮಿತಿ ಇರುವದು. ಮಾಹಿತಿ ಕೇಳಲು 2005ರ ಕಾಯಿದೆ ಇರುವದು. ಈ ತಿಂಗಳು ಎಷ್ಟು ಹೆರಿಗೆಗಳಾದವು, ಎಷ್ಟು ಬಸುರಿಯರನ್ನು ಬೇರೆ ಊರಿಗೆ ಕಳಿಸಲಾಯಿತು, ಯಾವ ಕೊರತೆಯಿಂದ ಕಳಿಸಲಾಯಿತು: ಈ ಮೂರು ಪ್ರಶ್ನೆಗಳನ್ನು ತಿಂಗಳು ತಿಂಗಳೂ ಕೇಳಿರಿ, ಉತ್ತರವನ್ನು ಚಾವಡಿಯ ಗೋಡೆಗೆ ಹಚ್ಚಿರಿ. ಕೊರತೆಯು ಹೆಸರುಗೊಂಡು ಎಲ್ಲರ ಕಣ್ಣಿಗೆ ಬಿದ್ದರೆ ಅಧಿಕಾರಿಗಳು ಅದನ್ನು ಕಡೆಗಣಿಸುವದು ಸುಲಭವಲ್ಲ. ತಾಲೂಕನ್ನು ಕೇಳಿ ಪಡೆದ ಜನರು ತಾಯಂದಿರ ಪ್ರಾಣವನ್ನೂ ಕೇಳಿ ಪಡೆಯಲಿ.