ನೆಟ್ಟದ್ದು ಸಾಕು, ಬದುಕಿದ್ದರ ಲೆಕ್ಕ ಕೊಡಿ

ಗಿಡ ನೆಡುವುದಕ್ಕೆಂದೇ ದೇಶಕ್ಕೆಲ್ಲ ಒಂದು ಸರ್ಕಾರಿ ರಜೆ ಇರಲಿ ಎಂಬ ಮಾತು ಮಳೆಗಾಲದಲ್ಲಿ ಕೇಳಿಬರುವುದುಂಟು. ಕೀನ್ಯಾ ಸರ್ಕಾರ 2023ರ ನವೆಂಬರ್ 13ರಂದು ಇಡೀ ದೇಶಕ್ಕೆ ರಜೆ ಕೊಟ್ಟು ಜನರನ್ನು ಸಸಿ ನೆಡಲು ಕಳಿಸಿತು. ಅವರಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಶಿವಮೊಗ್ಗ, ಭದ್ರಾವತಿಯಲ್ಲಿ ಕೂತು ನೋಡಿದರೆ ನಮಗೆ ರಜೆಯ ಕೊರತೆ ಇದ್ದಂತೆ ಕಾಣುವುದಿಲ್ಲ. ಹಬ್ಬ ಆಗಲೇ ಇದೆ, ಇಲ್ಲದಿರುವುದು ಅದರ ಲೆಕ್ಕಪತ್ರ.

ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ.ಎಂ. ಮುನ್ಷಿ 1950ರಲ್ಲಿ ವನಮಹೋತ್ಸವ ಆರಂಭಿಸಿದರು. ಅಂದಿನಿಂದ ಜುಲೈ ಮೊದಲ ವಾರ ಅದಕ್ಕೇ ಮೀಸಲು. ಆಮೇಲೆ ಜೂನ್ 5ರ ಪರಿಸರ ದಿನ ಬಂತು. 2024ರಲ್ಲಿ ಅದೇ ದಿನ, ತಾಯಿಯ ಹೆಸರಿನಲ್ಲಿ ಒಂದು ಮರ ನೆಡುವ ಅಭಿಯಾನವೂ ಸೇರಿಕೊಂಡಿತು. ಒಂದೇ ಮಳೆಗಾಲಕ್ಕೆ ಇಷ್ಟೊಂದು ಮುಹೂರ್ತಗಳಿರುವಾಗ ಇನ್ನೊಂದು ರಜೆ ಸಿಕ್ಕರೆ ಆಗುವುದೇನು? ವೀಕೆಂಡ್‌ಗೆ ಅಂಟಿಕೊಂಡು ಬಂದರೆ ಜೋಗದ ದಾರಿಯಲ್ಲಿ ವಾಹನಗಳು ಹೆಚ್ಚಾಗುತ್ತವೆ, ಅಷ್ಟೆ.

ಹೊರಗಿನವರ ಅನುಭವವನ್ನೂ ನೋಡೋಣ. ಅಮೆರಿಕದ ನೆಬ್ರಾಸ್ಕಾದಲ್ಲಿ 1872ರಲ್ಲಿ ಶುರುವಾದ ಮರ ನೆಡುವ ದಿನಕ್ಕೆ 1885ರಲ್ಲಿ ರಜೆಯ ಮಾನ್ಯತೆ ಸಿಕ್ಕಿತು. ದಕ್ಷಿಣ ಕೊರಿಯಾದಲ್ಲಿ ಏಪ್ರಿಲ್ 5ಕ್ಕೆ ಬಹುಕಾಲ ಇದ್ದ ರಜೆಯನ್ನು 2006ರಿಂದ ತೆಗೆದುಹಾಕಿದರು. ಯುದ್ಧದಲ್ಲಿ ಬೋಳಾಗಿದ್ದ ಕೊರಿಯಾದ ಗುಡ್ಡಗಳು ಹಸಿರಾದದ್ದು ಬರೀ ರಜೆಯಿಂದಲ್ಲ. ಅಲ್ಲಿ 1970ರ ದಶಕದಲ್ಲಿ ಒಂದು ಜಾಣ ಪದ್ಧತಿ ತಂದರು: ಒಂದು ಪ್ರಾಂತ್ಯದವರು ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ ಎಂದು ಇನ್ನೊಂದು ಪ್ರಾಂತ್ಯದ ಅಧಿಕಾರಿಗಳು ಬಂದು ಪರೀಕ್ಷಿಸುವುದು. ನೆಟ್ಟವನೇ ಲೆಕ್ಕ ಬರೆದರೆ ಸಸಿ ಸಾಯುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ನೆಡುವುದೊಂದೇ ಪುಣ್ಯದ ಕೆಲಸವಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಅದರ ಸಿಂಹಪಾಲು ಭದ್ರಾವತಿಯ ಕಾಗದ ಕಾರ್ಖಾನೆಗೆ ಸಲ್ಲಬೇಕು. ಈ ಊರಿನ ಇತಿಹಾಸವೇ ಮರದ ಇತಿಹಾಸ. 1923ರಲ್ಲಿ ಇಲ್ಲಿನ ಕಬ್ಬಿಣದ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲ ಕಾಡಿನ ಸೌದೆಯ ಇದ್ದಿಲಿನಿಂದ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ (ಎಂಪಿಎಂ) ಸ್ಥಾಪನೆಯಾಯಿತು. ಎರಡೂ ಕಾರ್ಖಾನೆಗಳು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು, ಅದನ್ನು ಮರೆಯುವಂತಿಲ್ಲ. ಕಾಗದದ ತಿರುಳಿಗಾಗಿ 1980ರಲ್ಲಿ ಎಂಪಿಎಂಗೆ ಅರಣ್ಯಭೂಮಿಯನ್ನು 40 ವರ್ಷಕ್ಕೆ ಗುತ್ತಿಗೆ ಕೊಟ್ಟರು. 20 ಸಾವಿರ ಹೆಕ್ಟೇರ್‌ಗೂ ಹೆಚ್ಚು ನೆಲದಲ್ಲಿ ಅಕೇಶಿಯಾ, ನೀಲಗಿರಿ ಸಾಲು ಹಿಡಿದು ನಿಂತವು. ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾಗಿದ್ದರೂ 2020ರಲ್ಲಿ ಸರ್ಕಾರ ಗುತ್ತಿಗೆಯನ್ನು ಮತ್ತೆ 40 ವರ್ಷ ಮುಂದುವರಿಸಲು ಹೊರಟಿತು. ಆಗ ಮಲೆನಾಡಿನಲ್ಲಿ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಕೂಗೆದ್ದಿತು.

ಮರ ಬೇಡ ಎಂದು ಮಲೆನಾಡಿನವರೇ ಬೀದಿಗಿಳಿದರೆಂದರೆ ಸುಮ್ಮನೆ ಇಳಿದದ್ದಲ್ಲ. ಅಕೇಶಿಯಾ ತೋಪಿನೊಳಗೆ ಕಾಲಿಟ್ಟರೆ ಉತ್ತರ ಸಿಗುತ್ತದೆ. ಕಾಲಡಿಯಲ್ಲಿ ಚರಚರ ಎನ್ನುವ ಒಣ ತರಗು, ಬೇಗ ಕೊಳೆಯದು. ಅದರಡಿ ಹುಲ್ಲು ಕಾಣುವುದು ಅಪರೂಪ, ಎಲೆಗೆ ದನ ಬಾಯಿ ಹಾಕದು. ನೇರಳೆ, ಹಲಸು, ಅತ್ತಿ ಇದ್ದ ಕಾಡು ಹೋದ ಮೇಲೆ ಮಂಗ ತೋಟಕ್ಕೆ ಬಾರದೆ ಇನ್ನೆಲ್ಲಿಗೆ ಹೋದೀತು ಎಂದು ರೈತರು ಕೇಳುತ್ತಾರೆ. ಎಷ್ಟು ನೆಟ್ಟಿರಿ ಎನ್ನುವುದರ ಜೊತೆಗೆ ಏನು ನೆಟ್ಟಿರಿ, ಯಾರಿಗಾಗಿ ನೆಟ್ಟಿರಿ ಎಂದೂ ಕೇಳಬೇಕಾದದ್ದು ಇದಕ್ಕೇ.

ಇನ್ನು ಪೇಟೆಯ ಕಥೆ. ಜುಲೈನಲ್ಲಿ ಬ್ಯಾನರ್ ಕಟ್ಟುತ್ತಾರೆ, ಮೊದಲೇ ತೋಡಿಟ್ಟ ಗುಂಡಿಯ ಸುತ್ತ ಹತ್ತು ಕೈಗಳು ಒಂದೇ ಸಸಿಯನ್ನು ಹಿಡಿಯುತ್ತವೆ, ಫೋಟೊ ಆಗುತ್ತದೆ. ಅವಸರದಲ್ಲಿ ಕೆಲವೊಮ್ಮೆ ಬುಡದ ಕಪ್ಪು ಪ್ಲಾಸ್ಟಿಕ್ ಚೀಲವನ್ನೂ ಸೀಳುವುದಿಲ್ಲ. ಬೇರು ಚೀಲದೊಳಗೇ ಸುರುಳಿ ಸುತ್ತಿ ಉಸಿರುಗಟ್ಟುತ್ತದೆ. ಮಳೆ ಇರುವತನಕ ಎಲ್ಲವೂ ಚೆನ್ನ. ಸಸಿಗೆ ನಿಜವಾದ ಪರೀಕ್ಷೆ ಜನವರಿಯಿಂದ ಮೇವರೆಗೆ, ನೀರು ಹೊಯ್ಯುವವರು ಬೇಕಾದ ಕಾಲದಲ್ಲಿ. ಅಷ್ಟರಲ್ಲಿ ದನ ಮೇಯ್ದಿರುತ್ತದೆ, ಅಂಗಡಿಯ ಬೋರ್ಡಿಗೆ ಅಡ್ಡ ಬಂತೆಂದು ಯಾರೋ ಚಿವುಟಿರುತ್ತಾರೆ, ಇಲ್ಲವೇ ಫುಟ್‌ಪಾತಿನ ಕಾಂಕ್ರೀಟು ಬುಡದವರೆಗೂ ಬಂದಿರುತ್ತದೆ. ಪ್ರಾಯೋಜಕರ ಹೆಸರಿನ ಕಬ್ಬಿಣದ ಬೇಲಿ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ.

ಪರಿಹಾರಕ್ಕೆ ಬಹಳ ದೂರ ಹೋಗಬೇಕಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಕೆಂಬ ನಿಯಮದ ಜೊತೆಗೆ ಬದಲಿಗೆ ನೆಡಬೇಕೆಂಬ ಕಟ್ಟಳೆಯೂ ಇದೆ. ಅದಕ್ಕಿಂತ ಒಳ್ಳೆಯ ಮಾದರಿ ನಮ್ಮ ಅರಣ್ಯ ಇಲಾಖೆಯದೇ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ರೈತ ಇಲಾಖೆಯ ಸಸಿ ಒಯ್ದು ನೆಡುತ್ತಾನೆ. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ. ನೆಟ್ಟಿದ್ದಕ್ಕೆ ಬಿಡಿಗಾಸೂ ಇಲ್ಲ, ಉಳಿಸಿದ್ದಕ್ಕೆ ಹಣ. ಬಡ ರೈತನಿಗೆ ಹಾಕಿದ ಈ ಷರತ್ತು ನಗರಪಾಲಿಕೆ, ನಗರಸಭೆ, ಕಾಲೇಜು, ಸಂಘ ಸಂಸ್ಥೆಗಳಿಗೆ ಏಕೆ ಬೇಡ?

ಜುಲೈ ಮೊದಲ ವಾರದ ಒಂದು ದಿನವನ್ನು ಎಣಿಕೆಯ ದಿನವೆಂದು ಸರ್ಕಾರ ಅಧಿಕೃತವಾಗಿ ಸಾರಲಿ. ಅಂದು ರಜೆ ಬೇಡ, ಎಲ್ಲರೂ ಕೆಲಸದಲ್ಲೇ ಇರಲಿ. ಮೂರು ವರ್ಷದ ಹಿಂದೆ ಭದ್ರಾವತಿಯವರು ನೆಟ್ಟದ್ದನ್ನು ಶಿವಮೊಗ್ಗದವರು ಎಣಿಸಲಿ, ಶಿವಮೊಗ್ಗದವರದ್ದನ್ನು ಭದ್ರಾವತಿಯವರು. ನಡುವೆ ಇರುವುದು ಇಪ್ಪತ್ತು ಕಿಲೋಮೀಟರಿನಷ್ಟು ದಾರಿ, ಸಿಟಿ ಬಸ್ಸಿನಂತೆ ಓಡಾಡುವ ಜನ. ಎರಡೂ ಊರಿಗೆ ಒಂದಿಷ್ಟು ಪೈಪೋಟಿ ಇದ್ದೇ ಇದೆ, ಅದೂ ಒಳ್ಳೆಯದಕ್ಕೆ ಬರಲಿ. ವಾರ್ಡುವಾರು ಫಲಿತಾಂಶವನ್ನು ಕಚೇರಿಯ ಬಾಗಿಲಿಗೆ ಅಂಟಿಸಲಿ. ಹಳೆಯದು ಉಳಿಯದ ಕಡೆ ಮೊದಲು ನೀರಿನ ಏರ್ಪಾಡು, ಆಮೇಲೆ ಹೊಸ ಸಸಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು. ವನಮಹೋತ್ಸವಕ್ಕೆ ಕರೆಯಲು ಬಂದವರಿಗೆ, ಮೂರು ವರ್ಷದ ಹಿಂದೆ ನೆಟ್ಟದ್ದನ್ನು ಮೊದಲು ತೋರಿಸಿ ಎನ್ನಿ. ತೋರಿಸಿದರೆ ಗುದ್ದಲಿ ಹಿಡಿದು ಹೋಗಿ. ತೋರಿಸಲಾಗದವರ ಫೋಟೊದಲ್ಲಿ ನಿಲ್ಲಬೇಡಿ.