ಕೊಟ್ಟಿಗೆಗೆ ಬಂದ ಲಸಿಕೆ ಅಂಗಳದ ನಾಯಿಗೇಕಿಲ್ಲ?

ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣ, ಕ್ರೀಡಾಂಗಣಗಳಲ್ಲಿರುವ ಬೀದಿನಾಯಿಗಳನ್ನು ಹಿಡಿದು ಸಾಗಿಸಿ, ಹಿಡಿದ ಜಾಗಕ್ಕೆ ಮತ್ತೆ ಬಿಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದ ಮೇಲೆ ಎದ್ದ ಗದ್ದಲ ಇನ್ನೂ ಅಡಗಿಲ್ಲ. ಅದಕ್ಕೂ ಮೊದಲು ಆಗಸ್ಟ್ 11ರ ದೆಹಲಿ ಆದೇಶ, ಆಗಸ್ಟ್ 22ರ ಮಾರ್ಪಾಡು ಬಂದಿದ್ದವು. ಮೂರೇ ತಿಂಗಳಲ್ಲಿ ಮೂರು ಆದೇಶ, ಮೂರರ ಕಣ್ಣೂ ಬೀದಿಯ ಮೇಲೆ. ಅದೇ ವರ್ಷ ಬೆಂಗಳೂರಿನಲ್ಲಿ ಬೀದಿನಾಯಿಗೆ ಚಿಕನ್ ಅನ್ನ ಹಾಕುವ ಪಾಲಿಕೆಯ 2.88 ಕೋಟಿ ರೂಪಾಯಿ ಯೋಜನೆಯ ಬಗ್ಗೆ ಇಡೀ ರಾಜ್ಯ ವಾದ ಮಾಡಿತು. ಆ ವಾದದಲ್ಲಿ ಲಸಿಕೆ ಎಂಬ ಪದ ಎಷ್ಟು ಸಲ ಬಂತು?

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ರೇಬಿಸ್ ನಿಲ್ಲಿಸುವುದೇ ಗುರಿಯಾದರೆ ನಾವು ತಪ್ಪು ತುದಿಯಿಂದ ಶುರು ಮಾಡಿದ್ದೇವೆ. ಮೊದಲು ಲಸಿಕೆ ಹಾಕಬೇಕಾದದ್ದು ಮನೆಯ ನಾಯಿಗೆ. ಬಲೆ ಬೇಡ, ವ್ಯಾನ್ ಬೇಡ, ಆಶ್ರಯತಾಣ ಬೇಡ, ಯಾವ ನ್ಯಾಯಾಲಯದ ಅಪ್ಪಣೆಯೂ ಬೇಡ. ಕೊರಳಪಟ್ಟಿ ಹಿಡಿಯಲು ಮನೆಯವರೇ ಇದ್ದಾರೆ. ಆದರೂ ಆ ಕೆಲಸ ಆಗಿಲ್ಲ.

‘ಸಾಕಿದವರು ಹೇಗೂ ಲಸಿಕೆ ಹಾಕಿಸಿರುತ್ತಾರೆ, ಸಮಸ್ಯೆ ಇರುವುದೆಲ್ಲ ಬೀದಿಯಲ್ಲಿ’ ಎಂದು ಬರೆಯುವವರು 32.9 ಎಂಬ ಒಂದು ಅಂಕಿಗೆ ಉತ್ತರ ಕೊಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 2003ರಲ್ಲಿ ದೇಶದಾದ್ಯಂತ ರೇಬಿಸ್ ಸಮೀಕ್ಷೆಯೊಂದು ನಡೆಯಿತು. ಅದರ ಮುಂದಾಳು ಬೆಂಗಳೂರಿನ ಕಿಮ್ಸ್‌ನ ಡಾ. ಎಂ.ಕೆ. ಸುದರ್ಶನ್. ಕೋವಿಡ್ ಕಾಲದಲ್ಲಿ ರಾಜ್ಯದ ತಾಂತ್ರಿಕ ಸಲಹಾ ಸಮಿತಿಯ ಅಧ್ಯಕ್ಷರಾಗಿ ನಾವೆಲ್ಲ ಕಂಡವರು. ವರ್ಷಕ್ಕೆ ಇಪ್ಪತ್ತು ಸಾವಿರ ಸಾವು ಎಂಬ, ಇಂದಿಗೂ ಭಾಷಣಗಳಲ್ಲಿ ಕೇಳಿಬರುವ ಅಂದಾಜು ಬಂದದ್ದು ಅಲ್ಲಿಂದಲೇ. ಆ ಅಂಕಿಯನ್ನು ಎಲ್ಲರೂ ಎತ್ತಿಕೊಂಡರು. ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳಿತ್ತು. ಶೇ 17ರಷ್ಟು ಮನೆಗಳಲ್ಲಿ ನಾಯಿ ಇತ್ತು, ಆ ನಾಯಿಗಳಲ್ಲಿ ಲಸಿಕೆ ಕಂಡವು ಶೇ 32.9 ಮಾತ್ರ. ಅಂದರೆ ಹೆಸರಿಟ್ಟು ಕರೆದು, ಊಟ ಹಾಕಿ, ಮಕ್ಕಳೊಂದಿಗೆ ಆಡಲು ಬಿಟ್ಟ ಮೂರು ನಾಯಿಗಳಲ್ಲಿ ಎರಡಕ್ಕೆ ರಕ್ಷಣೆ ಇರಲಿಲ್ಲ.

ಅಂಕಿ ಹಳೆಯದು, ಒಪ್ಪುತ್ತೇನೆ. ಜಯನಗರದ, ಕುವೆಂಪುನಗರದ ಲ್ಯಾಬ್ರಡಾರ್‌ಗಳ ಪಾಲಿಗೆ ಅದು ಈಗ ಸುಳ್ಳೇ ಇರಬಹುದು. ಹಾಗಿದ್ದರೆ ಇಂದಿನ ಅಂಕಿ ಎಲ್ಲಿ? ನಮ್ಮ ಚರ್ಚೆಗೆ ಬರುವುದು ಕಡಿತ ಎಷ್ಟು, ಸಾವು ಎಷ್ಟು, ಸಂತಾನಹರಣ ಎಷ್ಟು ಎಂಬ ಲೆಕ್ಕ. ಈ ತಾಲ್ಲೂಕಿನ ಮನೆನಾಯಿಗಳಲ್ಲಿ ಎಷ್ಟಕ್ಕೆ ಲಸಿಕೆ ಆಗಿದೆ ಎಂದು ಶಾಸಕರು ಕೆಡಿಪಿ ಸಭೆಯಲ್ಲಿ ಕೇಳಿದ್ದನ್ನು ನಾನಂತೂ ಓದಿಲ್ಲ.

ಈಗ 32.9ರ ಪಕ್ಕದಲ್ಲಿ 70 ಇಡಿ. ಒಂದು ಊರಿನ ನಾಯಿಗಳಲ್ಲಿ ಶೇ 70ಕ್ಕೆ ಪ್ರತಿವರ್ಷ ಲಸಿಕೆ ಬಿದ್ದರೆ ರೇಬಿಸ್ ಕೊಂಡಿ ಕಡಿಯುತ್ತದೆ ಎಂಬುದು ಜಗತ್ತೆಲ್ಲ ಒಪ್ಪಿದ ಅಳತೆ. ಆ ಎಪ್ಪತ್ತರಲ್ಲಿ ಬೀದಿ, ಮನೆ ಎಂಬ ಭೇದವಿಲ್ಲ. ಲೆಕ್ಕಕ್ಕೆಂದು ನೂರು ನಾಯಿಗಳ ಒಂದು ಊರು ಹಿಡಿಯೋಣ. ಅರವತ್ತು ಯಾರದೋ ಮನೆಯವು, ನಲವತ್ತು ಬೀದಿಯವು. ಮನೆಯ ಅರವತ್ತರಲ್ಲಿ ಮೂರನೇ ಒಂದು ಪಾಲು, ಅಂದರೆ ಇಪ್ಪತ್ತಕ್ಕೆ ಲಸಿಕೆ ಆಗಿದೆ. ಎಪ್ಪತ್ತು ಮುಟ್ಟಲು ಇನ್ನೂ ಐವತ್ತು ಬೇಕು. ಬೀದಿಯಲ್ಲಿರುವುದೇ ನಲವತ್ತು! ಪಾಲಿಕೆಯವರು ಹಗಲಿರುಳು ದುಡಿದು ಒಂದನ್ನೂ ಬಿಡದೆ ಬೀದಿನಾಯಿಗಳಿಗೆಲ್ಲ ಸೂಜಿ ಹಾಕಿದರೂ ಲೆಕ್ಕ ಅರವತ್ತಕ್ಕೆ ನಿಲ್ಲುತ್ತದೆ. ಗುಣಿಸಿ ನೋಡಿದರೆ, ಮನೆನಾಯಿಗಳ ಪಾಲು ನೂರರಲ್ಲಿ 45 ದಾಟಿದ ಊರಿನಲ್ಲೇ, ಬೀದಿನಾಯಿಗಳ ಲಸಿಕೆ ನೂರಕ್ಕೆ ನೂರಾದರೂ ಗುರಿ ಸಿಗುವುದಿಲ್ಲ. ಪಾಲು ಅದಕ್ಕಿಂತ ಹೆಚ್ಚಾದಷ್ಟೂ ಗುರಿ ದೂರ ಸರಿಯುತ್ತದೆ. ಬೀದಿಯ ಬಗ್ಗೆ ಜಗಳವಾಡುವ ಎರಡೂ ಬಣಗಳು ಈ ಲೆಕ್ಕ ಹಾಕಿಲ್ಲ.

ಎಪ್ಪತ್ತೇ ಏಕೆ ಎಂಬುದನ್ನೂ ಗಮನಿಸಬೇಕು. ರೇಬಿಸ್ ದಡಾರದಂತೆ ಹರಡುವ ರೋಗವಲ್ಲ. ರೋಗ ತಗುಲಿದ ಒಂದು ನಾಯಿ ಅದನ್ನು ಸರಾಸರಿ ಒಂದರಿಂದ ಎರಡು ನಾಯಿಗಳಿಗಷ್ಟೇ ದಾಟಿಸುತ್ತದೆ. ಎಲ್ಲ ದಿನವೂ ಅರ್ಧದಷ್ಟು ನಾಯಿಗಳಿಗೆ ರಕ್ಷಣೆ ಇದ್ದರೂ ಸಾಕಾಗುತ್ತಿತ್ತು. ಆದರೆ ನಾಯಿಗಳ ಬದುಕು ಚಿಕ್ಕದು, ಹುಟ್ಟು–ಸಾವು ಬೇಗ ಬೇಗ. ಯುಗಾದಿಗೆ ಲಸಿಕೆ ಕಂಡ ನಾಯಿ ದೀಪಾವಳಿಗೆ ಇರುವುದಿಲ್ಲ, ಅದರ ಜಾಗದಲ್ಲಿ ನಾಲ್ಕು ಮರಿಗಳಿರುತ್ತವೆ. ಎಪ್ಪತ್ತಕ್ಕೆ ಏರಿಸಿದ್ದು ವರ್ಷ ತುಂಬುವಷ್ಟರಲ್ಲಿ ತಾನಾಗಿಯೇ ಕುಸಿಯುತ್ತದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದಂದು ಬ್ಯಾನರ್ ಕಟ್ಟಿ, ತಾವಾಗಿ ಬಂದ ನಾಯಿಗಳಿಗಷ್ಟೇ ಸೂಜಿ ಹಾಕಿ ಫೋಟೊ ತೆಗೆಸಿಕೊಂಡರೆ ಈ ಕುಸಿತ ತಡೆಯಲಾಗದು. ಆ ದಿನ ಬರುವವರು ಹೇಗೂ ಲಸಿಕೆ ಹಾಕಿಸುವವರೇ. ಬಾರದವರ ಮನೆಗೆ ಹೋಗಬೇಕು.

ಅಷ್ಟಕ್ಕೂ ‘ಸಾಕುನಾಯಿ’ ಎಂದರೆ ಯಾವುದು? 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಲಸಿಕೆ ಮಾಲೀಕರ ಹೊಣೆ, ಬೀದಿಯ ಪ್ರಾಣಿಯದ್ದು ಸ್ಥಳೀಯ ಸಂಸ್ಥೆಯ ಹೊಣೆ ಎಂದು ಗೆರೆ ಎಳೆದಿವೆ. ಕಾಗದದ ಮೇಲೆ ಗೆರೆ ನೇರವಾಗಿದೆ. ನಮ್ಮ ಹಳ್ಳಿಗಳಲ್ಲಿ ಆ ಗೆರೆಯೇ ಇಲ್ಲ. ಹಗಲು ತೆಂಗಿನ ಮರಕ್ಕೆ ಕಟ್ಟಿ ರಾತ್ರಿ ಬಿಚ್ಚಿಬಿಡುವ ನಾಯಿ, ಎರಡು ಮನೆಯ ಮುದ್ದೆ ತಿಂದು ಮೂರನೆಯ ಮನೆಯ ಜಗಲಿಯಲ್ಲಿ ಮಲಗುವ ನಾಯಿ, ಕುರಿಮಂದೆಯ ಹಿಂದೆ ತಾಲ್ಲೂಕು ದಾಟುವ ನಾಯಿ, ಕಾಫಿ ತೋಟದ ಲೈನ್ ಮನೆಗಳ ನಾಯಿ. ಇವೆಲ್ಲ ಯಾರವು? ಕಚ್ಚಿದಾಗ ‘ನಮ್ಮದಲ್ಲ, ಸುಮ್ಮನೆ ಬಂದು ಬಿದ್ದಿರುತ್ತದೆ’ ಎನ್ನುತ್ತೇವೆ. ಕಳ್ಳರು ಬಂದಾಗ ಬೊಗಳಿದರೆ ‘ನಮ್ಮ ನಾಯಿ’. ಬೀದಿಯ ರೋಗ ಮನೆಗೆ ಬರುವುದೂ ಮನೆಯ ರೋಗ ಬೀದಿಗೆ ಹೋಗುವುದೂ ಈ ನಾಯಿಯ ಮೂಲಕವೇ. ಪೇಟೆಯ ಕತೆಯೂ ಬಹಳ ಬೇರೆಯಲ್ಲ. ಬೆಂಗಳೂರಿನಲ್ಲಿ 2018ರಲ್ಲಿ ಸಾಕುನಾಯಿ ಪರವಾನಗಿಗೆ ಹೊಸ ನಿಯಮ ತಂದಾಗ ಜಗಳವೆಲ್ಲ ಫ್ಲ್ಯಾಟ್‌ಗೆ ಒಂದೇ ನಾಯಿಯೋ ಎರಡೋ ಎಂಬುದರ ಮೇಲೆ ನಡೆದು, ಕೊನೆಗೆ ಆ ನಿಯಮವೇ ಹಿಂದೆ ಸರಿಯಿತು.

ಮನೆ ಮನೆಗೆ ಹೋಗಿ ಲಸಿಕೆ ಹಾಕುವುದು ಆಗದ ಕೆಲಸ, ಸಿಬ್ಬಂದಿ ಎಲ್ಲಿ, ಹಣ ಎಲ್ಲಿ ಎನ್ನುವವರಿಗೆ ಉತ್ತರ ನಮ್ಮ ಊರಿನ ಕೊಟ್ಟಿಗೆಯಲ್ಲೇ ಇದೆ.

ಕಾಲುಬಾಯಿ ಜ್ವರದ ಲಸಿಕೆ ಸುತ್ತು ನಡೆಯುವಾಗ ಹಾಸನ, ತುಮಕೂರು ಕಡೆಯ ಯಾವುದೇ ಹಳ್ಳಿಗೆ ಬೆಳಿಗ್ಗೆ ಹೋಗಿ ನೋಡಿ. ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಪಶು ಆಸ್ಪತ್ರೆಯ ಸಿಬ್ಬಂದಿ ಬರುತ್ತಾರೆ. ಮನೆಯೊಡತಿ ಒಳಗಿಂದಲೇ ಕೂಗುತ್ತಾಳೆ: ‘ಲೋ, ನಾಯಿ ಕಟ್ಟ್ಹಾಕೋ, ಡಾಕ್ಟ್ರು ಬಂದವ್ರೆ.’ ಹುಡುಗ ಓಡಿಬಂದು ನಾಯಿಯ ಕೊರಳಿಗೆ ಕೈ ಹಾಕಿ ಎಳೆದು ಕಂಬಕ್ಕೆ ಕಟ್ಟುತ್ತಾನೆ. ಹಸುವಿನ ಮೂಗುದಾರ ಹಿಡಿಯುತ್ತಾರೆ, ಸೂಜಿ ಬೀಳುತ್ತದೆ, ಕಿವಿಯ ಹಳದಿ ಓಲೆಯ ಹನ್ನೆರಡು ಅಂಕಿಗಳು ಮೊಬೈಲ್ ಆ್ಯಪ್‌ಗೆ ಹೋಗುತ್ತವೆ. ಅಷ್ಟು ಹೊತ್ತೂ ನಾಯಿ ಕಂಬದ ಬಳಿ ಬೊಗಳುತ್ತಲೇ ಇರುತ್ತದೆ. ಬೈಕ್ ತಿರುವು ದಾಟಿದ ಮೇಲೆ ಹುಡುಗ ಅದನ್ನು ಬಿಚ್ಚಿಬಿಡುತ್ತಾನೆ. ಲಸಿಕೆ ಹಾಕಲು ನಾಯಿ ಬೇಕಾದದ್ದೇ ಹಾಗೆ, ಕಟ್ಟಿದ ಸ್ಥಿತಿಯಲ್ಲಿ. ಗುರುತಿನವನೊಬ್ಬ ಹಿಡಿದೂ ಇದ್ದ. ಎರಡರಿಂದ ಎಂಟು ಡಿಗ್ರಿಯ ತಂಪಿನ ಪೆಟ್ಟಿಗೆ ಹತ್ತಡಿ ದೂರದಲ್ಲೇ ಇತ್ತು. ರೇಬಿಸ್ ಲಸಿಕೆಗೂ ಬೇಕಾದದ್ದು ಅದೇ ತಂಪು. ನಾಯಿಗೆ ಒಂದು ಮಿಲಿಲೀಟರ್ ಸಾಕು.

ಕಾಲುಬಾಯಿ ಜ್ವರಕ್ಕೆ ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಕಾರ್ಯಕ್ರಮಕ್ಕೆ, ಬ್ರುಸೆಲ್ಲೋಸಿಸ್ ಸೇರಿ ಐದು ವರ್ಷಕ್ಕೆ ಇಟ್ಟ ಹಣ 13,343 ಕೋಟಿ ರೂಪಾಯಿ. ಆರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಹೋಗುವ ವ್ಯವಸ್ಥೆ ಹಾಗೆ ಬೆಳೆಯಿತು. ಹಾಲು ಕೊಡುವ ಪ್ರಾಣಿಗೆ ಅದು ನ್ಯಾಯವೇ. ಆದರೆ ಅದೇ ಹಸುವಿಗೆ ಹುಚ್ಚುನಾಯಿ ಕಚ್ಚಿದರೆ ಕಾಲುಬಾಯಿ ಲಸಿಕೆ ಅದನ್ನು ಉಳಿಸುವುದಿಲ್ಲ. ಹಸು ಜೊಲ್ಲು ಸುರಿಸುತ್ತಾ ಸಾಯುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಿದವರು, ಹಾಲು ಕುಡಿದವರು, ಕರೆದವರು ಎಲ್ಲ ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಹೈನುಗಾರನ ನಷ್ಟದ ಲೆಕ್ಕದಲ್ಲೂ ಅಂಗಳದ ನಾಯಿಯ ಲಸಿಕೆ ಸೇರಿಯೇ ಇದೆ.

ನಾಯಿಗಳಿಗೆ ಲಸಿಕೆ ಹಾಕಿಯೇ ಗೆದ್ದ ದೇಶ ಮೆಕ್ಸಿಕೊ. 1990ರಲ್ಲಿ ಅಲ್ಲಿ ನಾಯಿಯಿಂದ ಬಂದ ರೇಬಿಸ್‌ಗೆ ತುತ್ತಾದವರು 60 ಮಂದಿ. ಆ ದಶಕದಿಂದ ಸರ್ಕಾರ ನಾಯಿಗಳಿಗೆ ಉಚಿತ ಸಾಮೂಹಿಕ ಲಸಿಕೆ ಹಾಕುತ್ತಾ ಬಂತು, ಶೇ 80ಕ್ಕೂ ಹೆಚ್ಚು ನಾಯಿಗಳನ್ನು ಮುಟ್ಟಿತು. 1999ರಲ್ಲಿ ಪ್ರಕರಣ 3ಕ್ಕೆ ಇಳಿಯಿತು. 2019ರಲ್ಲಿ, ನಾಯಿಯಿಂದ ಮನುಷ್ಯರಿಗೆ ಬರುವ ರೇಬಿಸ್ ಅಳಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆಯಿತು. ಅಷ್ಟು ದೂರ ಬೇಡ ಎಂದರೆ ಕಾರವಾರ ದಾಟಿದರೆ ಗೋವಾ. ಅಲ್ಲಿ ತಂಡಗಳು ಮನೆ ಮನೆಗೆ ಹೋಗಿ ಸಾಕಿದ ನಾಯಿಯನ್ನು ಕೈಯಲ್ಲಿ ಹಿಡಿದು, ಬೀದಿಯದಕ್ಕೆ ಬಲೆ ಹಾಕಿ, ಒಂದೇ ಸುತ್ತಿನಲ್ಲಿ ಎರಡಕ್ಕೂ ಸೂಜಿ ಹಾಕಿದವು. 2021ರಲ್ಲಿ ಗೋವಾವನ್ನು ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿದಾಗ ಹಿಂದಿನ ಮೂರು ವರ್ಷ ಅಲ್ಲಿ ಒಬ್ಬರೂ ಆ ರೋಗದಿಂದ ಸತ್ತಿರಲಿಲ್ಲ.

ನಮ್ಮಲ್ಲಿ? 2024ರಲ್ಲಿ ಕರ್ನಾಟಕದಲ್ಲಿ 3.6 ಲಕ್ಷ ನಾಯಿ ಕಡಿತ, 42 ಸಾವು. ಅದೇ ವರ್ಷ ಇಡೀ ದೇಶದಲ್ಲಿ ರೇಬಿಸ್ ಶಂಕಿತ ಸಾವು 54 ಎಂದು ಕೇಂದ್ರ ಹೇಳಿತು. ಎರಡನ್ನೂ ನಂಬಿದರೆ ಉಳಿದ ಭಾರತಕ್ಕೆಲ್ಲ ಸೇರಿ 12 ಸಾವು ಬರುತ್ತದೆ! ಐಸಿಎಂಆರ್ ಸಮೀಕ್ಷೆಯ ಅಂದಾಜು ವರ್ಷಕ್ಕೆ 5,726. ಕರ್ನಾಟಕ 2022ರಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು, ಹಾಗಾಗಿ ಇಲ್ಲಿ ಸಾವು ಕಣ್ಣಿಗೆ ಬೀಳುತ್ತಿದೆ. ಸಾವನ್ನು ಎಣಿಸುವ ಧೈರ್ಯ ತೋರಿದ ರಾಜ್ಯ ಲಸಿಕೆ ಕಂಡ ನಾಯಿಗಳನ್ನೂ ಎಣಿಸಬಹುದು. ರೇಬಿಸ್ ಸಂಶೋಧನೆಗೆ ಹೆಸರಾದ ನಿಮ್ಹಾನ್ಸ್ ಇಲ್ಲಿದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬಿಸ್ ಪ್ರಯೋಗಾಲಯವಿದೆ. ಬೇರೆ ಯಾವ ರಾಜ್ಯಕ್ಕೂ ಇಲ್ಲದ ನೆಪ ನಮಗೇನಿದೆ?

ತೊಡಕುಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಹಸುವಿಗೆ ಸೂಜಿ ಹಾಕುವ ಕೈ ನಾಯಿಗೆ ಹಾಕಲು ಅಂಜುತ್ತದೆ. ಆ ಸಿಬ್ಬಂದಿಗೆ, ಪಶು ಸಖಿಯರಿಗೆ ಮುಂಚಿತವಾಗಿಯೇ ರೇಬಿಸ್ ಲಸಿಕೆ ಹಾಕಿಸಬೇಕು, ಬಾಯಿ ಕಟ್ಟುವುದನ್ನು ಕಲಿಸಬೇಕು, ಹೆಚ್ಚುವರಿ ಕೆಲಸಕ್ಕೆ ದುಡ್ಡು ಕೊಡಬೇಕು. ಮರಿಗೆ ಮೂರು ತಿಂಗಳಿಗೆ ಮೊದಲ ಸೂಜಿ, ಆಮೇಲೆ ವರ್ಷಕ್ಕೊಮ್ಮೆ. ಒಮ್ಮೆ ಹಾಕಿ ಮರೆತರೆ ಆಗದು. ಕೊರಳಪಟ್ಟಿ ಕಟ್ಟುವ ಅನುಕೂಲಸ್ಥರ ನಾಯಿಗಳಲ್ಲೂ ತಪ್ಪುವುದು ಈ ಎರಡನೆಯ, ಮೂರನೆಯ ವರ್ಷದ ಸೂಜಿಯೇ. ಲಸಿಕೆ ಆದ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಸುಣ್ಣ, ಖಾರದ ಪುಡಿ, ಅರಿಶಿನ ಬೇಡ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಇನ್ನೂ ಹಲವರನ್ನು ನಾಟಿ ವೈದ್ಯರ ಬಳಿಗೆ ಓಡಿಸುತ್ತಿದೆ. ಆ ಕಾಲ ಮುಗಿದು ಇಪ್ಪತ್ತು ವರ್ಷವಾಯಿತು, ಈಗ ಸೂಜಿ ತೋಳಿಗೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ಯಾವ ಆಸ್ಪತ್ರೆಯೂ ಉಳಿಸಲಾರದು.

ಬೀದಿನಾಯಿಗಳ ಕೆಲಸ ಬಿಡಿ ಎಂದೂ ನಾನು ಹೇಳುತ್ತಿಲ್ಲ. ಕಚ್ಚುವವುಗಳಲ್ಲಿ ಹೆಚ್ಚಿನವು ಅವೇ. ಆ ಕೆಲಸ ಕಷ್ಟದ್ದು, ನಿಧಾನದ್ದು, ದುಬಾರಿಯದ್ದು, ನಡೆಯುತ್ತಿರಲಿ. ಆದರೆ ಸುಲಭದ ಅರ್ಧವನ್ನು ಮುಟ್ಟದೆ ಕಷ್ಟದ ಅರ್ಧದ ಬಗ್ಗೆ ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಿರುವುದನ್ನು ಇನ್ನು ಸಹಿಸಲಾಗದು. 2030ಕ್ಕೆ ನಾಯಿಯಿಂದ ಬರುವ ರೇಬಿಸ್ ಇಲ್ಲವಾಗಿಸುತ್ತೇವೆ ಎಂದು ದೇಶ 2021ರಲ್ಲಿ ಕ್ರಿಯಾಯೋಜನೆ ಬರೆದುಕೊಂಡಿದೆ. ಆ ವರ್ಷ ಬಾಗಿಲಿಗೆ ಬಂದಿದೆ.

ಪಶುಪಾಲನಾ ಇಲಾಖೆ ಮುಂದಿನ ಕಾಲುಬಾಯಿ ಸುತ್ತಿನಲ್ಲಿ ಅದೇ ಐಸ್ ಪೆಟ್ಟಿಗೆಯಲ್ಲಿ ರೇಬಿಸ್ ಬಾಟಲಿಗಳನ್ನೂ ಇಡಲಿ. ಒಂದು ಜಿಲ್ಲೆಯಿಂದಲೇ ಶುರುವಾಗಲಿ, ಎಷ್ಟು ಮನೆಯ ಎಷ್ಟು ನಾಯಿಗೆ ಬಿತ್ತು ಎಂಬುದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಯಲಿ. ನಾಯಿ ಸಾಕಿದ ಓದುಗರು ಅಲ್ಲಿಯವರೆಗೆ ಕಾಯಬೇಕಿಲ್ಲ. ಇವತ್ತೇ ಲಸಿಕೆಯ ಕಾರ್ಡ್ ಹುಡುಕಿ ತೆಗೆದು, ಕೊನೆಯ ಸೂಜಿಯ ದಿನಾಂಕ ನೋಡಿ. ವರ್ಷ ದಾಟಿದ್ದರೆ ನಾಳೆ ಬೆಳಿಗ್ಗೆಯೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಪಕ್ಕದ ಮನೆಯ ಜಗಲಿಯಲ್ಲಿ ಮಲಗುವ, ಯಾರದೂ ಅಲ್ಲದ ಆ ನಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.