ನಾಸಿಕ್‌ಗೆ ಹೋದ್ರೆ ಬರೀ ವೈನ್ ಕುಡಿದು ಬರಬೇಡಿ

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ವಾರ ನಾಸಿಕ್‌ಗೆ ಹೋಗಿದ್ದೆ. ಜೊತೆಗೆ ಬಂದ ಗೆಳೆಯರಿಗೆ ದ್ರಾಕ್ಷಿ ತೋಟ, ವೈನ್ ಟೂರ್ ನೋಡೋ ಆಸೆ. ನನಗೆ ಕಾಳಾರಾಮ ಗುಡಿಯ ಬಾಗಿಲು ನೋಡೋ ಆಸೆ. ಕೊನೆಗೆ ಎರಡೂ ನೋಡಿದ್ವಿ.

ಮೊದಲು ತೋಟದ ಕಥೆ ಹೇಳ್ತೀನಿ. ಗಂಗಾಪುರ ಜಲಾಶಯದ ಸುತ್ತಮುತ್ತ ಸಾಲು ಸಾಲು ದ್ರಾಕ್ಷಿ ಬಳ್ಳಿ. ನಾಸಿಕ್‌ನ್ನು ಭಾರತದ ವೈನ್ ರಾಜಧಾನಿ ಅಂತ ಸುಮ್ಮನೆ ಕರೆಯಲ್ಲ. ಟಿಕೆಟ್ ತಗೊಂಡ್ರೆ ಒಬ್ಬ ಗೈಡ್ ಬಂದು ದೊಡ್ಡ ಸ್ಟೀಲ್ ಟ್ಯಾಂಕುಗಳನ್ನು ತೋರಿಸ್ತಾನೆ. ಆಮೇಲೆ ಗ್ಲಾಸನ್ನು ಹೇಗೆ ತಿರುಗಿಸಬೇಕು, ಹೇಗೆ ಮೂಸಬೇಕು, ಎಷ್ಟು ಹೀರಬೇಕು ಅಂತ ಪಾಠ. ಸುಗ್ಗಿ ಕಾಲದಲ್ಲಿ ಪ್ರವಾಸಿಗರು ದುಡ್ಡು ಕೊಟ್ಟು ತೊಟ್ಟಿಯೊಳಗೆ ಇಳಿದು ಕಾಲಲ್ಲಿ ದ್ರಾಕ್ಷಿ ತುಳಿಯೋ ಆಟವೂ ಉಂಟಂತೆ. ಕೇಳಿ ಎಲ್ಲರೂ ನಕ್ಕರು. ನನಗೆ 1927ರ ಮಹಾಡ್ ನೆನಪಾಯ್ತು. ಕೆರೆ ನೀರಿಗೆ ನಮ್ಮವರ ಕೈ ತಾಗಿದ್ದಕ್ಕೆ ಅಲ್ಲಿ ಗಡಿಗೆಗಟ್ಟಲೆ ಪಂಚಗವ್ಯ ಸುರಿದು ಶುದ್ಧಿ ಮಾಡಿದ್ರು. ಇಲ್ಲಿ ಟಿಕೆಟ್ ಇದ್ದವರ ಕಾಲಿಗೂ ಮೈಲಿಗೆ ಇಲ್ಲ!

ವೈನ್ ಕುಡಿಯೋದು ತಪ್ಪು ಅಂತ ನಾನು ಹೇಳ್ತಿಲ್ಲ. ನಾನೂ ಒಂದು ಗುಟುಕು ರುಚಿ ನೋಡಿದೆ. ನನ್ನ ತಕರಾರು ಬೇರೆ. ಒಂದು ಗಂಟೆಯ ಟೂರಲ್ಲಿ ದ್ರಾಕ್ಷಿಯ ತಳಿ, ಮಣ್ಣು, ಬಿಸಿಲು, ಬಾಟಲಿಯ ಬಿರಡೆ ಎಲ್ಲದರ ಬಗ್ಗೆ ಮಾತಾಯ್ತು. ಗೊನೆ ಕೊಯ್ಯೋ ಕೈ ಯಾರದು ಅನ್ನೋ ಮಾತು ಮಾತ್ರ ಬರಲಿಲ್ಲ. ನಾನೇ ಕೇಳಿದೆ. "ಲೇಬರ್ ಬರ್ತಾರೆ ಸರ್, ಪೇಠ್, ಸುರಗಾಣಾ ಕಡೆಯಿಂದ" ಅಂದು ಮುಂದಿನ ಗ್ಲಾಸಿಗೆ ಹೋದ. ಪೇಠ್, ಸುರಗಾಣಾ ಅಂದ್ರೆ ಅದೇ ಜಿಲ್ಲೆಯ ಆದಿವಾಸಿ ತಾಲ್ಲೂಕುಗಳು. 2018ರ ಮಾರ್ಚ್‌ನಲ್ಲಿ ಕೆಂಪು ಟೋಪಿ ಹಾಕ್ಕೊಂಡು ನಾಸಿಕ್‌ನಿಂದ ಮುಂಬೈವರೆಗೆ ಸುಮಾರು 180 ಕಿಲೋಮೀಟರ್ ನಡೆದ ರೈತರನ್ನು ಟಿವಿಯಲ್ಲಿ ನೋಡಿದ್ರಲ್ಲ, ಪಾದದ ಚರ್ಮ ಸುಲಿದು ಹೋಗಿತ್ತಲ್ಲ, ಅವರಲ್ಲಿ ಬಹಳ ಜನ ಈ ಕಡೆಯ ಆದಿವಾಸಿಗಳು. ಅವರು ಕೇಳಿದ್ದು ಉಳುತ್ತಿರೋ ಕಾಡುಭೂಮಿಗೆ ಹಕ್ಕುಪತ್ರ.

ಇದು ನನಗೆ ಯಾಕೆ ಚುಚ್ಚುತ್ತೆ ಅಂದ್ರೆ, ನಾನು ಬಿಜಾಪುರ ಸೀಮೆಯವನು. ನಮ್ಮವ್ವ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ ನಮ್ಮನ್ನು ಓದಿಸಿದಾಕಿ. ಚಾಟ್ನಿ ಹೊತ್ತಿನಲ್ಲಿ ಕಡ್ಡಿ ಆರಿಸೋದು, ಕಾಯಿ ಕಟ್ಟಿದ ಮೇಲೆ ಒಂದೊಂದೇ ಗೊನೆಯನ್ನು ಔಷಧದ ನೀರಲ್ಲಿ ಅದ್ದೋದು, ಆಮೇಲೆ ಒಣದ್ರಾಕ್ಷಿ ಶೆಡ್ಡಿನ ಕೆಲಸ. ದಿನವಿಡೀ ಕತ್ತು ಮೇಲೆತ್ತಿ ಕೈ ಎತ್ತಿ ನಿಂತು ರಾತ್ರಿ ಅವಳ ಭುಜ ಇಳಿಯುತ್ತಿರಲಿಲ್ಲ. ತೋಟದ ಬಾವಿಯ ಪಕ್ಕ ಅವಳಿಗೆ ಬೇರೆ ಲೋಟ. ದ್ರಾಕ್ಷಿಗೆ ಅವಳ ಕೈ ಆಗ್ತಿತ್ತು, ಲೋಟಕ್ಕೆ ಆಗ್ತಿರಲಿಲ್ಲ.

ಮಧ್ಯಾಹ್ನ ಪಂಚವಟಿಗೆ ಬಂದ್ವಿ. ಕಾಳಾರಾಮ ಗುಡಿ ಕಪ್ಪು ಕಲ್ಲಿಂದು, ನಾಲ್ಕು ದಿಕ್ಕಿಗೆ ಬಾಗಿಲು. 1930ರ ಮಾರ್ಚ್ 2ರಂದು ಬಾಬಾಸಾಹೇಬರ ನೇತೃತ್ವದಲ್ಲಿ ಸಾವಿರಾರು ಜನ ಮೆರವಣಿಗೆಯಲ್ಲಿ ಬಂದಾಗ ಆ ಬಾಗಿಲುಗಳೆಲ್ಲಾ ಮುಚ್ಚಿದ್ದವು. ದಂಡಿ ಯಾತ್ರೆ ಹೊರಡೋದಕ್ಕೆ ಇನ್ನೂ ಹತ್ತು ದಿನ ಇತ್ತು. ದಂಡಿಯ ಬಗ್ಗೆ ಶಾಲೆಯಲ್ಲಿ ಪುಟಗಟ್ಟಲೆ ಓದಿದ್ದೀವಿ. ಕಾಳಾರಾಮದ ಬಗ್ಗೆ ನನಗೆ ಒಬ್ಬ ಮಾಸ್ತರರೂ ಹೇಳಿಕೊಡಲಿಲ್ಲ. ಬಾಗಿಲ ಮುಂದೆ ಗಂಡಸರು, ಹೆಂಗಸರು ಕೂತರು. ರಾಮನವಮಿಯ ತೇರಿನ ದಿನ ಕಲ್ಲೇಟು ತಿಂದರು. ಐದು ವರ್ಷ ಹೋರಾಡಿದ್ರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಇದೇ ಜಿಲ್ಲೆಯ ಯೇವಲಾದಲ್ಲಿ ಬಾಬಾಸಾಹೇಬರು ತಾವು ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಿಸಿದ್ರು.

ಇವತ್ತು ಆ ಬಾಗಿಲು ತೆರೆದಿದೆ. ನಾನು ಒಳಗೆ ಕೈ ಮುಗಿಯೋಕೆ ಹೋಗಲಿಲ್ಲ, ಹೊರಗೆ ಮೆಟ್ಟಿಲ ಹತ್ರ ಸ್ವಲ್ಪ ಹೊತ್ತು ನಿಂತು ಬಂದೆ.

ಆ ಸತ್ಯಾಗ್ರಹದ ಮುಂದಾಳುಗಳಲ್ಲಿ ಒಬ್ಬರು ದಾದಾಸಾಹೇಬ್ ಗಾಯಕವಾಡ. ಹುಟ್ಟಿದ್ದು ದಿಂಡೋರಿ ತಾಲ್ಲೂಕಿನಲ್ಲಿ. ಇವತ್ತು ಅದೇ ದಿಂಡೋರಿ ದ್ರಾಕ್ಷಿಗೂ ವೈನಿಗೂ ಹೆಸರುವಾಸಿ. 1934ರಲ್ಲಿ ಬಾಬಾಸಾಹೇಬರು ಅವರಿಗೆ ಕಾಗದ ಬರೆದು, ಗುಡಿ ಪ್ರವೇಶದ ಹೋರಾಟ ಸಾಕು, ಶಕ್ತಿಯನ್ನೆಲ್ಲಾ ರಾಜಕೀಯಕ್ಕೂ ಶಿಕ್ಷಣಕ್ಕೂ ಹಾಕೋಣ ಅಂದಿದ್ರು. ದಾದಾಸಾಹೇಬರು ಮುಂದೆ 1959ರಲ್ಲಿ, 1964ರಲ್ಲಿ ಭೂಹೀನರನ್ನು ಕಟ್ಟಿಕೊಂಡು ಭೂಮಿ ಸತ್ಯಾಗ್ರಹ ಮಾಡಿದ್ರು, ಜನ ಜೈಲು ತುಂಬಿದ್ರು. ಗುಡಿ ಬಾಗಿಲಲ್ಲಿ ಕೂತಿದ್ದ ಮನುಷ್ಯ ಕೊನೆಗೆ ಕೇಳಿದ್ದು ಹೊಲ. ನಾಸಿಕ್ ನನಗೆ ಕಲಿಸಿದ ಪಾಠ ಇದೇ. ಗುಡಿಯ ಬಾಗಿಲು ಕಾನೂನಿಗೆ ತೆರೆಯಿತು, ತೋಟದ ಗೇಟು ಟಿಕೆಟ್ಟಿಗೆ ತೆರೆಯುತ್ತೆ. ಜಮೀನಿನ ಪಹಣಿ ಮಾತ್ರ ನಮ್ಮ ಹೆಸರಿಗೆ ಇನ್ನೂ ತೆರೆದಿಲ್ಲ.

ನಮ್ಮ ರಾಜ್ಯದ ಲೆಕ್ಕವನ್ನೂ ನೋಡಿ. 2007ರಲ್ಲಿ ಸಾರಾಯಿ ನಿಷೇಧ ಆಯ್ತು. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಅದು ಬೇಕಿತ್ತು, ನಾನು ಸ್ವಾಗತಿಸ್ತೀನಿ. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಬಡವನ ಗ್ಲಾಸು ಪಾಪ, ಉಳ್ಳವನ ಗ್ಲಾಸು ಉದ್ಯಮ. ಆಗಲಿ, ಉದ್ಯಮ ಬೆಳೀಲಿ, ದ್ರಾಕ್ಷಿ ಬೆಳೆಯೋ ರೈತನಿಗೂ ಬೆಲೆ ಸಿಗಲಿ. ಆದ್ರೆ ಸರ್ಕಾರ ರಿಯಾಯಿತಿ ಕೊಡೋವಾಗ ಕೂಲಿ ಹೆಣ್ಣುಮಕ್ಕಳಿಗೆ ಗಂಡಾಳಿನಷ್ಟೇ ಪಗಾರ, ಔಷಧ ಮುಟ್ಟೋ ಕೈಗೆ ಕೈಗವಸು, ತೋಟದಲ್ಲಿ ಶೌಚಾಲಯ, ಇಷ್ಟಾದ್ರೂ ಷರತ್ತು ಹಾಕಬಾರದಾ? ಭೂಹೀನರಿಗೆ ಭೂಮಿ ಅನ್ನೋ ಮಾತನ್ನು ಯಾವ ಪಕ್ಷವಾದ್ರೂ ಈಗ ಬಾಯಿ ಬಿಟ್ಟು ಹೇಳ್ತಿದೆಯಾ?

ರಾತ್ರಿ ಅವ್ವಗೆ ಫೋನ್ ಮಾಡಿ, ದೊಡ್ಡ ದೊಡ್ಡ ದ್ರಾಕ್ಷಿ ತೋಟ ನೋಡಿದೆ ಅಂದೆ. ಆಕೆ ಕೇಳಿದ್ದು ಒಂದೇ ಮಾತು: "ಅಲ್ಲಿ ಹೆಣ್ಣಾಳಿಗೆ ಪಗಾರ ಎಷ್ಟ ಕೊಡ್ತಾರಪಾ?"

ನಾನು ಕೇಳಿರಲಿಲ್ಲ. ಯಾರು ಕೊಯ್ತಾರೆ ಅಂತ ಕೇಳಿದವನು ಎಷ್ಟು ಸಿಗುತ್ತೆ ಅಂತ ಕೇಳಲಿಲ್ಲ. ನಾಚಿಕೆ ಆಯ್ತು.

ಅದಕ್ಕೇ ಇದನ್ನು ಬರೀತಿದ್ದೀನಿ. ನೀವು ನಾಸಿಕ್‌ಗೆ ಹೋಗಿ, ಖುಷಿಯಾಗಿ ತಿರುಗಾಡಿ. ಕಾಳಾರಾಮದ ಬಾಗಿಲ ಹತ್ರ ಐದು ನಿಮಿಷ ನಿಲ್ಲಿ. ಸಮಯ ಇದ್ರೆ ಯೇವಲಾಕ್ಕೂ ಹೋಗಿ. ತೋಟದಲ್ಲಿ ಗ್ಲಾಸು ಕೈಗೆ ಕೊಟ್ಟಾಗ, ನಮ್ಮವ್ವನ ಪ್ರಶ್ನೆಯನ್ನು ಮರೀದೆ ಕೇಳಿ ಬನ್ನಿ.

ಜೈ ಭೀಮ್.